ಇದ್ದಿಲಿನ ಗುಣ: ಬೆಂಕಿಪುರದಿಂದ ಮುಖರ್ಜಿ ನಗರದವರೆಗೆ

ದಿಲ್ಲಿಗೆ ಬಂದು ನೆಲೆಸಿದ ಕನ್ನಡಿಗರು ಹಿಂದಿಯ ‘ಕೋಯ್ಲಾ’ ಎಂಬ ಮಾತಿನೆದುರು ಒಮ್ಮೆಯಾದರೂ ತಡೆದು ನಿಲ್ಲುತ್ತಾರೆ. ಗಣಿಯಿಂದ ಅಗೆದು ತೆಗೆದದ್ದೂ ಕೋಯ್ಲಾ, ಮರವನ್ನು ಸುಟ್ಟು ಮಾಡಿದ್ದೂ ಕೋಯ್ಲಾ. ಬೇರ್ಪಡಿಸಿ ಹೇಳಲೇಬೇಕಾದಾಗ ಮಾತ್ರ ಒಂದಕ್ಕೆ ‘ಪತ್ಥರ್ ಕಾ’ ಎಂದೂ ಇನ್ನೊಂದಕ್ಕೆ ‘ಲಕಡೀ ಕಾ’ ಎಂದೂ ವಿಶೇಷಣ ಸೇರುತ್ತದೆ. ಕನ್ನಡಕ್ಕೆ ಈ ಗೊಂದಲವಿಲ್ಲ. ನಮ್ಮಲ್ಲಿ ಇದ್ದಿಲು ಮೂಲ ಪದ; ಇದ್ದಲು, ಇದ್ದಲಿ ಎಂಬುವು ಅದರ ಪ್ರಾದೇಶಿಕ ರೂಪಗಳು. ಗಣಿಯ ಸರಕು ಆಮೇಲೆ ಬಂದದ್ದು. ಅದಕ್ಕೆ ಕಲ್ಲಿನ ಇದ್ದಲು, ಅಂದರೆ ಕಲ್ಲಿದ್ದಲು ಎಂದು ಹೆಸರಿಟ್ಟೆವು. ಕಮ್ಮಾರನ ಕುಲುಮೆ, ಅಕ್ಕಸಾಲಿಗನ ಅಗ್ಗಿಷ್ಟಿಕೆ, ಅಗಸರ ಇಸ್ತ್ರಿ ಪೆಟ್ಟಿಗೆ ಇವೆಲ್ಲವೂ ಮರದ ಇದ್ದಿಲನ್ನೇ ನಂಬಿದ್ದ ನಾಡಿನ ಅನುಭವ ಈ ಪದಕ್ರಮದಲ್ಲಿ ಉಳಿದುಬಂದಿದೆ.

ಈ ಭೇದ ನಿಘಂಟಿನೊಳಗಷ್ಟೇ ಉಳಿಯುವಂಥದಲ್ಲ. ರಾಜಧಾನಿ ವಲಯದ ವಾಯು ಗುಣಮಟ್ಟ ನಿರ್ವಹಣಾ ಆಯೋಗವು 2022ರಲ್ಲಿ ಅನುಮತಿಸಿದ ಇಂಧನಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಅದು 2023ರ ಜನವರಿ 1ರಿಂದ ಜಾರಿಗೆ ಬಂದಿತು. ಆ ಪಟ್ಟಿಯಲ್ಲಿ ಕಾರ್ಖಾನೆಗಳ ಕಲ್ಲಿದ್ದಲಿಗೆ ನಿಷೇಧವಿತ್ತು. ಹೋಟೆಲುಗಳ ತಂದೂರಿಗೂ ಬಟ್ಟೆಗೆ ಇಸ್ತ್ರಿ ಹಾಕುವವರ ಪೆಟ್ಟಿಗೆಗೂ ಮರದ ಇದ್ದಿಲಿನ ಬಳಕೆಗೆ ಅವಕಾಶವಿತ್ತು. ಚಳಿಗಾಲದಲ್ಲಿ ಗಾಳಿ ಕೆಟ್ಟಂತೆಲ್ಲ ಬಿಗಿಯಾಗುವ ಹಂತಹಂತದ ನಿರ್ಬಂಧಗಳು ತಂದೂರಿನ ಒಲೆಯನ್ನೂ ಮುಟ್ಟುತ್ತವೆ. ಒಂದು ಪದದ ಅರ್ಥ ಸ್ಪಷ್ಟವಾಗಿರುವುದರ ಬೆಲೆ ಇಂಥ ಕಡೆ ತಿಳಿಯುತ್ತದೆ.

ನಾವು ಈ ಲೇಖನದಲ್ಲಿ ಕೇಳುವ ಪ್ರಶ್ನೆ ಸರಳವಾದದ್ದು: ಒಳ್ಳೆಯ ಇದ್ದಿಲು ಎಂದರೆ ಯಾವುದು? ಮಾಳಿಗೆಯ ಮೇಲೆ ಕಬಾಬು ಸುಡಹೊರಟವರಿಗೂ, ಕಬ್ಬಿಣ ಕರಗಿಸಿದ ನಮ್ಮ ಹಿರಿಯರಿಗೂ ಈ ಪ್ರಶ್ನೆ ಒಂದೇ ಆಗಿತ್ತು. ಉತ್ತರವನ್ನು ಹುಡುಕುತ್ತ ಹೋದರೆ ಮಾಗಡಿಯ ಕುಲುಮೆ, ಭದ್ರಾವತಿಯ ಊದುಕುಲುಮೆ, ಕೊನೆಗೆ ಮುಖರ್ಜಿ ನಗರದ ಬಾಡಿಗೆ ಕೋಣೆ ಇವು ಮೂರೂ ಒಂದೇ ದಾರಿಯ ಮೇಲೆ ಸಿಗುತ್ತವೆ.

ಮೊದಲು ಇದ್ದಿಲು ಹುಟ್ಟುವ ಬಗೆಯನ್ನು ನೋಡೋಣ. ಗಾಳಿ ಸಾಕಷ್ಟು ಸಿಕ್ಕರೆ ಮರ ಉರಿದು ಬೂದಿಯಾಗುತ್ತದೆ. ಗಾಳಿಯನ್ನು ತಡೆದು ಕಾಯಿಸಿದರೆ ಇದ್ದಿಲಾಗುತ್ತದೆ. ಹಳ್ಳಿಯ ಕ್ರಮದಲ್ಲಿ ಕಟ್ಟಿಗೆಯನ್ನು ಒತ್ತಾಗಿ ಒಟ್ಟಿ, ಮೇಲೆ ಸೊಪ್ಪು ಹುಲ್ಲು ಹೊದಿಸಿ, ಅದರ ಮೇಲೆ ಮಣ್ಣು ಮೆತ್ತಿ, ಅಲ್ಲಲ್ಲಿ ಉಸಿರುಗಂಡಿಗಳನ್ನು ಬಿಟ್ಟು ಕಿಚ್ಚಿಡುತ್ತಾರೆ. ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಹೊಗೆಯೇ ಹೇಳಬೇಕು. ಮೊದಲು ದಟ್ಟವಾದ ಬಿಳಿಯ ಹೊಗೆ ಬರುತ್ತದೆ. ಅದು ಮರದ ನೀರು. ಬಳಿಕ ಹಳದಿ ಬೂದು ಬಣ್ಣದ, ಕಣ್ಣು ಉರಿಸುವ ಹೊಗೆ. ಅದು ಮರದ ಆಮ್ಲ, ಟಾರು, ಎಣ್ಣೆಗಳು. ಕಡೆಗೆ ಹೊಗೆ ತೆಳುವಾಗಿ ನೀಲಿಗೆ ತಿರುಗಿದಾಗ ಗಂಡಿಗಳನ್ನೆಲ್ಲ ಮುಚ್ಚಿ, ಗೂಡು ತಣಿಯುವವರೆಗೆ ದಿನಗಟ್ಟಲೆ ಕಾಯಬೇಕು. ಅವಸರಪಟ್ಟು ಬೇಗ ಮುಚ್ಚಿದರೆ ಸರಕು ಅರೆಬೆಂದ ಕೊಳ್ಳಿಯಾಗುತ್ತದೆ, ತಡಮಾಡಿದರೆ ಬೂದಿಯಾಗುತ್ತದೆ. ಗೂಡಿನ ಮಣ್ಣು ರಾತ್ರಿ ಬಿರುಕುಬಿಟ್ಟರೆ ಇಡೀ ಒಟ್ಟು ಉರಿದುಹೋಗುತ್ತದೆ. ಆದುದರಿಂದ ಕಾವಲಿರುವವನಿಗೆ ನಿದ್ದೆಯಿಲ್ಲ.

ಗುಣದ ಗುಟ್ಟೆಲ್ಲ ಈ ಬೇಯುವಿಕೆಯಲ್ಲಿದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದ ಇದ್ದಿಲಿನಲ್ಲಿ ಇಂಗಾಲದ ಪಾಲು ಮೂರರಲ್ಲಿ ಎರಡಂಶದಷ್ಟೇ. ಮಿಕ್ಕ ಬಹುಪಾಲು ಹೊಗೆಯಾಗಿ ಹೋಗಬಲ್ಲ ಆವಿಯ ಅಂಶ. 500 ಡಿಗ್ರಿಯಲ್ಲಿ ಬೆಂದರೆ ಇಂಗಾಲ ನೂರಕ್ಕೆ 85ರ ಆಸುಪಾಸಿಗೆ ಏರುತ್ತದೆ. ಆದರೆ ಶಾಖ ಏರಿದಷ್ಟೂ ಕೈಗೆ ಸಿಗುವ ತೂಕ ಇಳಿಯುತ್ತದೆ. ತೂಕಕ್ಕೆ ಮಾರುವವನಿಗೆ ಅರೆಬೆಂದ ಇದ್ದಿಲು ಲಾಭ, ಕೊಂಡು ಉರಿಸುವವನಿಗೆ ಚೆನ್ನಾಗಿ ಬೆಂದದ್ದು ಲಾಭ. ಇದ್ದಿಲಿನ ವ್ಯಾಪಾರದ ಹಳೆಯ ಜಗಳವೆಲ್ಲ ಈ ಎರಡು ಲಾಭಗಳ ನಡುವಿನದು.

ಆದ್ದರಿಂದಲೇ ಕೊಳ್ಳುವವರು ಕಣ್ಣು, ಕಿವಿ, ಕೈ ಮೂರನ್ನೂ ಬಳಸಿ ಪರೀಕ್ಷಿಸುವುದನ್ನು ರೂಢಿಸಿಕೊಂಡರು. ಎರಡು ತುಂಡುಗಳನ್ನು ಒಂದಕ್ಕೊಂದು ತಾಗಿಸಿದರೆ ಚೆನ್ನಾಗಿ ಬೆಂದ ಇದ್ದಿಲು ಮಡಕೆಯ ಚೂರಿನಂತೆ ಟಣ್ಣೆನ್ನುತ್ತದೆ. ಅರೆಬೆಂದದ್ದು ಅಥವಾ ತೇವ ಹಿಡಿದದ್ದು ಮರದ ತುಂಡಿನಂತೆ ಮಂದವಾಗಿ ಸದ್ದುಮಾಡುತ್ತದೆ. ಮುರಿದು ನೋಡಿದರೆ ಮುಖ ಹೊಳೆಯುವ ಕಪ್ಪಾಗಿದ್ದು, ಮರದ ಬಳೆಗಳು ಹಾಗೆಯೇ ಕಾಣಬೇಕು. ನಡುವೆ ಕಂದು ಬಣ್ಣ ಉಳಿದಿದ್ದರೆ ಅದು ಇದ್ದಿಲಾಗಿಲ್ಲ, ಕೊಳ್ಳಿ. ಕೈಯಲ್ಲಿ ಹಿಡಿದಾಗ ಹಗುರವಾಗಿರಬೇಕು, ಆದರೆ ಹಿಸುಕಿದರೆ ಪುಡಿಯಾಗಬಾರದು; ಗಟ್ಟಿ ಇದ್ದಿಲು ಬೆರಳಿಗೆ ಮಸಿಯನ್ನೂ ಕಡಿಮೆ ಹತ್ತಿಸುತ್ತದೆ. ಗಾತ್ರಕ್ಕೆ ಹೋಲಿಸಿದರೆ ತೂಕ ಅತಿಯಾಯಿತೆಂದರೆ ನೀರು ಕುಡಿಸಿರಬಹುದೆಂದು ಸಂಶಯಪಡಬೇಕು. ಚೀಲದ ತಳದಲ್ಲಿ ಪುಡಿ ಎಷ್ಟಿದೆ ಎಂಬುದನ್ನು ನೋಡದೆ ಕೊಳ್ಳಬಾರದು, ಏಕೆಂದರೆ ಪುಡಿಯು ತುಂಡುಗಳ ಸಂದನ್ನು ತುಂಬಿ ಗಾಳಿಯನ್ನು ತಡೆಯುತ್ತದೆ. ತೊಗಟೆ ಇದ್ದರೆ ಚಟಪಟ ಸಿಡಿಯುತ್ತದೆ. ಮಣ್ಣು ಮರಳು ಸೇರಿದ್ದರೆ ಬೂದಿ ಹೆಚ್ಚುತ್ತದೆ. ಒಳ್ಳೆಯ ಇದ್ದಿಲಿನ ಬೂದಿ ನೂರಕ್ಕೆ ಮೂರು ನಾಲ್ಕು ಪಾಲಿನಷ್ಟೇ ಇದ್ದು, ಬೆಳ್ಳಗೆ, ಊದಿದರೆ ಹಾರುವಷ್ಟು ಹಗುರವಾಗಿರುತ್ತದೆ.

ಹೊಗೆಯ ರುಚಿಯನ್ನು ಬಯಸುವವರು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಒಳ್ಳೆಯ ಇದ್ದಿಲು ಶಾಖ ಕೊಡುತ್ತದೆ, ಹೊಗೆ ಕೊಡುವುದಿಲ್ಲ. ಅರೆಬೆಂದ ಇದ್ದಿಲಿನಿಂದ ಬರುವ ಕಟು ಹೊಗೆ ಮಾಂಸಕ್ಕಾಗಲಿ ಬದನೆಕಾಯಿಗಾಗಲಿ ಕಹಿಯನ್ನು ಹತ್ತಿಸುತ್ತದೆ. ಘಮ ಬೇಕಾದರೆ ಹದವಾದ ಕೆಂಡದ ಮೇಲೆ ಒಣಗಿದ ಕಟ್ಟಿಗೆಯ ಚೂರನ್ನು ಬೇರೆಯಾಗಿ ಇಡುವುದು ಕ್ರಮ. ಉತ್ತರದ ಅಡುಗೆಯಲ್ಲಿ ಕೆಂಡಕ್ಕೆ ತುಪ್ಪ ಹನಿಸಿ ಪಾತ್ರೆಯೊಳಗೆ ಮುಚ್ಚಿಡುವ ‘ಧುಂಗಾರ್’ ಕೂಡ ಇದೇ ತತ್ತ್ವದ್ದು. ಕೆಂಡದ ಮೇಲೆ ಬಿಳಿಯ ಬೂದಿಯ ತೆಳುಪದರ ಮೂಡುವವರೆಗೆ ಕಾದು ಆಮೇಲೆ ಸುಡಬೇಕು. ‘ಬೂದಿ ಮುಚ್ಚಿದ ಕೆಂಡ’ವನ್ನು ನಾವು ಒಳಗೇ ಅಡಗಿರುವ ಅಪಾಯದ ಮಾತಾಗಿ ಬಳಸುತ್ತೇವೆ, ಅಡುಗೆಗೆ ಅದೇ ಸರಿಯಾದ ಹದ. ಎರಡು ಅರ್ಥಗಳೂ ನಿಜವೆಂಬುದನ್ನು ಮುಂದೆ ನೋಡಲಿದ್ದೇವೆ.

ಈಗ ಇತಿಹಾಸಕ್ಕೆ ಬರೋಣ. ಟಿಪ್ಪು ಸುಲ್ತಾನನ ಪತನದ ಬಳಿಕ, 1800-01ರಲ್ಲಿ, ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದ ಪ್ರವಾಸ ವರದಿ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮಾಗಡಿ, ಚಿಕ್ಕನಾಯಕನಹಳ್ಳಿಗಳ ಸುತ್ತ ಕಬ್ಬಿಣ ಕರಗಿಸುವವರ ಕೆಲಸವನ್ನು ಆತ ವಿವರಿಸಿದ್ದಾನೆ. ಮಣ್ಣಿನ ಚಿಕ್ಕ ಕುಲುಮೆ, ಚರ್ಮದ ತಿದಿ, ಅದಿರಿನ ಮರಳು, ಇದ್ದಿಲು ಇವಿಷ್ಟೇ ಸಾಮಗ್ರಿ. ಉಕ್ಕು ಮಾಡುವವರು ಮೂಸೆಯಲ್ಲಿ ಕಬ್ಬಿಣದೊಡನೆ ತಂಗಡಿ ಗಿಡದ ಕಟ್ಟಿಗೆಯನ್ನೂ ಹಸಿರೆಲೆಯನ್ನೂ ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ಇದ್ದಿಲಿನ ಬೆಂಕಿಯಲ್ಲಿ ಕಾಯಿಸುತ್ತಿದ್ದರು. ಮುಚ್ಚಿದ ಮೂಸೆಯೊಳಗೆ ಆ ಕಟ್ಟಿಗೆಯೇ ಇದ್ದಿಲಾಗಿ, ಅದರ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕು ಹುಟ್ಟುತ್ತಿತ್ತು. ಯೂರೋಪಿನವರು ‘ವೂಟ್ಜ್’ ಎಂದು ಕರೆದದ್ದು ಇದೇ ಜಾತಿಯ ಉಕ್ಕನ್ನು. ಆ ಹೆಸರು ಕನ್ನಡದ ‘ಉಕ್ಕು’ ಪದದಿಂದಲೇ ಬಂದಿದೆ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದರ ಪರೀಕ್ಷೆಯನ್ನು ಮಂಡಿಸಿದ. ಮುಂದೆ ಮೈಕೇಲ್ ಫ್ಯಾರಡೆಯೂ ಇದರ ಬೆನ್ನುಹತ್ತಿದ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಸಿಕ್ಕ ಹಳೆಯ ಮೂಸೆಗಳ ಅಧ್ಯಯನದಲ್ಲಿ ಕನ್ನಡದ ವಿಜ್ಞಾನ ಲೇಖಕರಾದ ಟಿ. ಆರ್. ಅನಂತರಾಮು ಅವರೂ ಪಾಲ್ಗೊಂಡಿದ್ದರು.

ಇಂಗ್ಲೆಂಡು 1709ರಲ್ಲೇ ಬೇರೆ ದಾರಿ ಹಿಡಿದಿತ್ತು. ಆ ವರ್ಷ ಕೋಲ್‌ಬ್ರೂಕ್‌ಡೇಲಿನಲ್ಲಿ ಏಬ್ರಹಾಂ ಡಾರ್ಬಿ ಕಲ್ಲಿದ್ದಲಿನ ಕೋಕನ್ನು ಬಳಸಿ ಕಬ್ಬಿಣ ಕರಗಿಸಿದ. ಕೋಕು ಗಟ್ಟಿ, ಮೇಲೆ ಎಷ್ಟು ಅದಿರು ಹೇರಿದರೂ ತಡೆಯುತ್ತದೆ. ಹಾಗಾಗಿ ಕುಲುಮೆಗಳು ಎತ್ತರಕ್ಕೆ ಬೆಳೆದವು. ಇದ್ದಿಲು ಅಷ್ಟು ಭಾರಕ್ಕೆ ಪುಡಿಯಾಗುತ್ತದೆ; ಪುಡಿಯಾದರೆ ಗಾಳಿಯ ದಾರಿ ಮುಚ್ಚಿ ಕುಲುಮೆ ಉಸಿರುಗಟ್ಟುತ್ತದೆ. ಚೀಲದ ತಳದ ಪುಡಿಯನ್ನು ನೋಡಿ ಕೊಳ್ಳಿರೆಂದು ನಾವು ಮೇಲೆ ಹೇಳಿದ ಮಾತಿನ ಹಿಂದಿರುವುದೂ ಇದೇ ನಿಯಮ.

ಇಷ್ಟಾದರೂ ಇಪ್ಪತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನ ಇದ್ದಿಲನ್ನೇ ಆರಿಸಿಕೊಂಡಿತು. ಬಾಬಾಬುಡನ್ ಬೆಟ್ಟಗಳ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರಿತ್ತು, ಮಲೆನಾಡಿನಲ್ಲಿ ಕಾಡಿತ್ತು. ಕೋಕಾಗಬಲ್ಲ ಕಲ್ಲಿದ್ದಲು ಮಾತ್ರ ಇರಲಿಲ್ಲ. ಅದನ್ನು ಬಂಗಾಳ ಬಿಹಾರಗಳ ಗಣಿಗಳಿಂದ ರೈಲಿನಲ್ಲಿ ತರಿಸಿದರೆ ಸಾಗಣೆಯ ವೆಚ್ಚವೇ ಕಬ್ಬಿಣವನ್ನು ನುಂಗುತ್ತಿತ್ತು. 1912ರಿಂದ 1918ರವರೆಗೆ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ರೂಪುಗೊಂಡ ಯೋಜನೆಯು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದು, ಭದ್ರಾ ನದಿಯ ದಂಡೆಯ ಬೆಂಕಿಪುರದಲ್ಲಿ ಕಾರ್ಖಾನೆಯಾಗಿ ನಿಂತಿತು. ಆ ಊರೇ ಇಂದಿನ ಭದ್ರಾವತಿ. 1923ರ ಜನವರಿ 18ರಂದು ಕೆಲಸ ಆರಂಭವಾಯಿತು. ಮೊದಲ ಮಹಾಯುದ್ಧದ ಕಾಲಕ್ಕೆ ಏರಿದ್ದ ಕಬ್ಬಿಣದ ಬೆಲೆ ಅಷ್ಟರಲ್ಲಿ ಕುಸಿದಿತ್ತು. ಸೊರಗಿದ ಕಾರ್ಖಾನೆಯ ಹೊಣೆಯನ್ನು ಹೊತ್ತವರೂ ವಿಶ್ವೇಶ್ವರಯ್ಯನವರೇ. 1929ರವರೆಗೆ ಅವರು ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದರು.

ಅಲ್ಲಿ ಇದ್ದಿಲನ್ನು ಮಣ್ಣಿನ ಗೂಡಿನಲ್ಲಷ್ಟೇ ನೆಚ್ಚಿ ಕೂರಲಿಲ್ಲ. ಮರವನ್ನು ಮುಚ್ಚಿದ ಉಕ್ಕಿನ ಪಾತ್ರೆಗಳಲ್ಲಿ ಕಾಯಿಸಿ, ಹೊರಬರುವ ಹೊಗೆಯನ್ನು ತಣಿಸಿ, ಅದರಿಂದ ಮರದ ಮದ್ಯಸಾರ, ಸುಣ್ಣದ ಅಸಿಟೇಟು, ಟಾರು ಇವನ್ನು ಬೇರ್ಪಡಿಸುವ ಘಟಕವನ್ನೇ ಕಟ್ಟಿದರು. ಮಣ್ಣಿನ ಗೂಡು ಆಕಾಶಕ್ಕೆ ಬಿಡುತ್ತಿದ್ದ ಹೊಗೆ ಇಲ್ಲಿ ಸರಕಾಯಿತು. ಇದ್ದಿಲಿನ ಕಬ್ಬಿಣಕ್ಕೆ ಇನ್ನೊಂದು ಗುಣವಿತ್ತು: ಕಲ್ಲಿದ್ದಲಿನ ಜೊತೆಗೆ ಬರುವ ಗಂಧಕ ಮರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ; ಆದುದರಿಂದ ಕಬ್ಬಿಣ ಶುದ್ಧವಾಗಿ ಬರುತ್ತಿತ್ತು.

ಇದರ ಬೆಲೆಯನ್ನು ತೆತ್ತದ್ದು ಕಾಡು. ಲೆಕ್ಕ ಕಠಿಣವಾದುದೇನಲ್ಲ. ಒಂದು ಟನ್ ಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು ಬೇಕು. ಒಂದು ಟನ್ ಇದ್ದಿಲಿಗೆ ನಾಲ್ಕೈದು ಟನ್ ಒಣಕಟ್ಟಿಗೆ ಬೇಕು. ಕುಲುಮೆ ರಾತ್ರಿ ಹಗಲು ಆರದಂಥದು. ಹೀಗಾಗಿ ಶಿವಮೊಗ್ಗ, ಚಿಕ್ಕಮಗಳೂರು ಸೀಮೆಯ ಕಾಡೊಳಗೆ ಕಿರುಹಳಿಗಳು ಹೋದವು, ಕೊಡಲಿಗಳೂ ಹೋದವು. ಜೋಗದ ವಿದ್ಯುತ್ತು ಬಂದ ಮೇಲೆ, 1952ರಲ್ಲಿ, ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಕೆಲಸ ಆರಂಭಿಸಿದವು. ಶಾಖವನ್ನು ವಿದ್ಯುತ್ತು ಕೊಟ್ಟರೂ ಅದಿರಿನ ಆಮ್ಲಜನಕವನ್ನು ಕಳೆಯಲು ಇಂಗಾಲದ ಅಗತ್ಯ ತಪ್ಪಲಿಲ್ಲ. ಕಾರ್ಖಾನೆಗೆ ನೂರು ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನದ ಸುದ್ದಿಯೂ ಬಂದು, ಕಾರ್ಮಿಕರು ಹೋರಾಟಕ್ಕಿಳಿದುದನ್ನು ನಾವು ದೂರದ ದಿಲ್ಲಿಯಿಂದ ಓದಿದೆವು.

ಮಲೆನಾಡಿನಿಂದ ಬಯಲಿಗೆ ಬಂದರೆ ಇದ್ದಿಲಿನ ಮರವೇ ಬೇರೆ. ರಾಯಚೂರು, ಕೊಪ್ಪಳ, ಬಳ್ಳಾರಿ, ಪಾವಗಡಗಳ ಒಣನೆಲದಲ್ಲಿ ಇಂದು ಇದ್ದಿಲಾಗುವುದು ಹೆಚ್ಚಾಗಿ ಬಳ್ಳಾರಿ ಜಾಲಿ. ಹೆಸರು ನಮ್ಮದಾದರೂ ಮರ ಅಮೆರಿಕ ಖಂಡದ್ದು. 1870ರ ದಶಕದ ಕೊನೆಯಲ್ಲಿ ಇದರ ಬೀಜ ಮದ್ರಾಸು ಪ್ರಾಂತಕ್ಕೆ ಬಂದಿತು. ನೀರಿಲ್ಲದ ಕಡೆ ಬೆಳೆಯುತ್ತದೆ, ಕಡಿದಷ್ಟೂ ಚಿಗುರುತ್ತದೆ, ದನಗಳು ಕಾಯಿ ತಿಂದು ಬೀಜ ಹರಡುತ್ತವೆ. ಹೊಲವನ್ನೂ ಕೆರೆಯಂಗಳವನ್ನೂ ಆಕ್ರಮಿಸಿ ರೈತನಿಗೆ ಪೀಡೆಯಾಗಿದೆ, ಕೆಲಸವಿಲ್ಲದ ತಿಂಗಳುಗಳಲ್ಲಿ ಕೂಲಿಯವನಿಗೆ ಗಂಜಿಯೂ ಆಗಿದೆ. ಮರ ಗಟ್ಟಿಯಾದ್ದರಿಂದ ಇದ್ದಿಲೂ ಗಟ್ಟಿ. ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಇದೇ ಮರ ದಿಲ್ಲಿಯಲ್ಲಿ ‘ವಿಲಾಯತಿ ಕೀಕರ್’. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ದಿಲ್ಲಿಯ ರಿಡ್ಜ್ ಗುಡ್ಡಗಳನ್ನು ಹಸಿರಾಗಿಸಲು ಇದನ್ನು ನೆಟ್ಟರು. ಇಂದು ಆ ಕಾಡನ್ನು ಅದೇ ಆಳುತ್ತಿದೆ. ಮುಖರ್ಜಿ ನಗರದಿಂದ ವಿಶ್ವವಿದ್ಯಾಲಯದ ಕಡೆಗೆ ನಡೆದು ಉತ್ತರ ರಿಡ್ಜಿನ ಬೇಲಿಯೊಳಗೆ ಇಣುಕಿದ ರಾಯಚೂರಿನ ಹುಡುಗನಿಗೆ ತನ್ನೂರಿನ ಮುಳ್ಳೇ ಕಾಣಿಸುತ್ತದೆ. ಅಮೆರಿಕದ ಟೆಕ್ಸಸ್ಸಿನವರು ಮಾಂಸ ಸುಡಲು ಮೆಚ್ಚಿ ಬಳಸುವ ಮೆಸ್ಕೀಟ್ ಕಟ್ಟಿಗೆಯೂ ಈ ಜಾಲಿಯ ಸೋದರ ಸಂಬಂಧಿಯೇ. ಅಲ್ಲಿ ನೆಲೆಸಿದ ನಮ್ಮ ಓದುಗರು ಅಂಗಡಿಯಲ್ಲಿ ಬೆಲೆಕೊಟ್ಟು ಕೊಳ್ಳುವ ಚೀಲಕ್ಕೂ ಪಾವಗಡದ ಗೂಡಿಗೂ ಹೀಗೊಂದು ನಂಟಿದೆ.

ಮುಖರ್ಜಿ ನಗರದ ಸುತ್ತಣ ಪ್ರದೇಶಕ್ಕೂ ಕೆಂಡದ ಚರಿತ್ರೆಯೊಂದಿದೆ. ಪಕ್ಕದ ಕಿಂಗ್ಸ್‌ವೇ ಕ್ಯಾಂಪು 1947ರ ವಿಭಜನೆಯ ಬಳಿಕ ದಿಲ್ಲಿಯ ಅತಿದೊಡ್ಡ ನಿರಾಶ್ರಿತರ ಶಿಬಿರವಾಗಿತ್ತು. ಪಶ್ಚಿಮ ಪಂಜಾಬಿನಿಂದ ಬರಿಗೈಯಲ್ಲಿ ಬಂದ ಜನ ತಮ್ಮೊಡನೆ ತಂದೂರಿನ ರೂಢಿಯನ್ನೂ ತಂದರು. ಓಣಿಯ ಮನೆಯವರೆಲ್ಲ ಹಿಟ್ಟು ತಂದು ಒಂದೇ ಒಲೆಯಲ್ಲಿ ರೊಟ್ಟಿ ಬೇಯಿಸಿಕೊಳ್ಳುವ ‘ಸಾಂಝಾ ಚೂಲ್ಹಾ’ ಅವರ ಹಳ್ಳಿಗಳ ಪದ್ಧತಿ. ಇಂದು ಆ ಪರಿಸರದಲ್ಲಿ ಬೇರೆಯದೇ ವಲಸೆಯಿದೆ. ನಾಗರಿಕ ಸೇವೆಯ ಪರೀಕ್ಷೆಗೆ ಓದುವ ಸಾವಿರಾರು ಮಂದಿ ಸಣ್ಣ ಸಣ್ಣ ಕೋಣೆಗಳಲ್ಲಿ ವಾಸಿಸುತ್ತಾರೆ. ಅವರಲ್ಲಿ ಕನ್ನಡ ಸಾಹಿತ್ಯವನ್ನೇ ಐಚ್ಛಿಕ ವಿಷಯವಾಗಿ ಆಯ್ದುಕೊಂಡವರೂ ಉಂಟು. ಡಿಸೆಂಬರು ಬಂತೆಂದರೆ ಬೀದಿಯಲ್ಲಿ ಕೆಂಡದ ಮೇಲೆ ಗೆಣಸು ಸುಡುವವರು, ಇದ್ದಿಲಿನ ಪೆಟ್ಟಿಗೆಯಿಂದ ಇಸ್ತ್ರಿ ಹಾಕುವವರು, ಅಂಗೀಠಿಯ ಸುತ್ತ ಕೈ ಕಾಯಿಸುವ ಕಾವಲುಗಾರರು ಕಾಣಸಿಗುತ್ತಾರೆ.

ಇಲ್ಲಿಗೆ ನಾವು ಈ ಲೇಖನದ ಮುಖ್ಯ ಮಾತಿಗೆ ಬಂದೆವು. ಊದುಕುಲುಮೆಯಲ್ಲಿ ಅದಿರನ್ನು ಕಬ್ಬಿಣವಾಗಿಸುವುದು ಕೇವಲ ಶಾಖವಲ್ಲ. ಗಾಳಿ ಸಾಲದ ಕಡೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಿರಿನೊಳಗಣ ಆಮ್ಲಜನಕವನ್ನು ಈ ಅನಿಲ ಕಿತ್ತುಕೊಳ್ಳುತ್ತದೆ, ಉಳಿದದ್ದು ಕಬ್ಬಿಣ. ಮಾಗಡಿಯ ಮಣ್ಣಿನ ಕುಲುಮೆಯಲ್ಲಿ ದುಡಿದದ್ದೂ ಇದೇ, ಭದ್ರಾವತಿಯಲ್ಲಿ ದುಡಿದದ್ದೂ ಇದೇ. ಅಗ್ಗಿಷ್ಟಿಕೆಯ ಕೆಂಡದ ಮೇಲೆ ಆಗಾಗ ಕುಣಿಯುವ ಚಿಕ್ಕ ನೀಲಿ ಜ್ವಾಲೆ ಈ ಅನಿಲ ಉರಿಯುವ ಗುರುತು.

ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ಆ ಕೋಣೆಯೂ ಒಂದು ಕುಲುಮೆಯಾಗುತ್ತದೆ. ಮನುಷ್ಯನ ರಕ್ತದಲ್ಲಿಯೂ ಕಬ್ಬಿಣವಿದೆ. ಆಮ್ಲಜನಕವನ್ನು ಹೊತ್ತು ತಿರುಗುವುದು ಅದರ ಕೆಲಸ. ಈ ಅನಿಲವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಓಕರಿಕೆ, ಬಳಿಕ ಮಂಪರು. ಮಲಗಿದವರಿಗೆ ಅದೂ ತಿಳಿಯುವುದಿಲ್ಲ. ಪ್ರತಿ ಚಳಿಗಾಲವೂ ದಿಲ್ಲಿಯ ಪತ್ರಿಕೆಗಳಲ್ಲಿ ಅಂಗೀಠಿಯನ್ನು ಒಳಗಿಟ್ಟು ಬಾಗಿಲು ಮುಚ್ಚಿ ಮಲಗಿದವರು ಬೆಳಗ್ಗೆ ಏಳದೇ ಹೋದ ಸುದ್ದಿ ಬರುತ್ತದೆ.

ಇದರಲ್ಲಿ ಇದ್ದಿಲಿನ ಗುಣದ ಪಾತ್ರವನ್ನು ಕಾಣದಿರಬಾರದು. ಕೆಟ್ಟ ಇದ್ದಿಲು ಹೊಗೆಯುತ್ತದೆ. ಕಣ್ಣುರಿ ಕೆಮ್ಮು ಬಂದು ಕಿಟಕಿ ತೆರೆಯುವಂತೆ ಮಾಡುತ್ತದೆ. ಒಳ್ಳೆಯ ಇದ್ದಿಲು ಹೊಗೆಯುವುದೇ ಇಲ್ಲ. ಟಣ್ಣೆಂದು ನುಡಿದು, ಹೊಳೆಯುವ ಮುಖ ತೋರಿ, ಬಿಳಿಯ ಬೂದಿ ಹೊದ್ದು ಶಾಂತವಾಗಿ ಉರಿಯುವ ಕೆಂಡವೇ ಎಚ್ಚರಿಕೆ ಕೊಡದೆ ಕೊಲ್ಲಬಲ್ಲದು. ಹೊಗೆಯಿಲ್ಲವೆಂದರೆ ಅಪಾಯವಿಲ್ಲವೆಂಬ ನಂಬಿಕೆ ತಪ್ಪು. ಊರಿನ ಅಜ್ಜಿಯಂದಿರು ಬಾಣಂತಿ ಕೋಣೆಗೆ ಕೆಂಡ ಇಡುತ್ತಿದ್ದರಲ್ಲ ಎಂದು ಕೆಲವರು ಕೇಳುವುದುಂಟು. ಹೆಂಚಿನ ಸಂದು, ಗವಾಕ್ಷಿ, ಸರಿಯಾಗಿ ಕೂಡದ ಬಾಗಿಲು ಇದ್ದ ಆ ಮನೆಗಳಲ್ಲಿಯೂ ಅದು ನಿರಪಾಯವಾಗಿರಲಿಲ್ಲ. ಕಾಂಕ್ರೀಟಿನ ನಾಲ್ಕು ಗೋಡೆಯ ಬಾಡಿಗೆ ಕೋಣೆಗಂತೂ ಆ ಸಂದುಗಳೂ ಇಲ್ಲ.

ಆದುದರಿಂದ ಹೊಸದಾಗಿ ದಿಲ್ಲಿಗೆ ಬಂದ ನಮ್ಮ ಮಕ್ಕಳಿಗೆ ನಾವು ಹೇಳುವುದಿಷ್ಟು. ಕೆಂಡದ ಕೆಲಸವೆಲ್ಲ ಬಯಲಲ್ಲಿ ಆಗಲಿ, ತೆರೆದ ಮಾಳಿಗೆಯ ಮೇಲಾಗಲಿ. ಗಾಜು ಮುಚ್ಚಿದ ಬಾಲ್ಕನಿ ಬಯಲಲ್ಲ. ಊಟ ಮುಗಿದ ಮೇಲೆ ಉಳಿದ ಕೆಂಡದ ತಟ್ಟೆಯನ್ನು ಬೆಚ್ಚಗಿರಲೆಂದು ಒಳಗೆ ತರಬೇಡಿ. ಬೂದಿ ಮುಚ್ಚಿದ್ದರೂ ಅದು ಗಂಟೆಗಟ್ಟಲೆ ಅನಿಲ ಬಿಡುತ್ತಲೇ ಇರುತ್ತದೆ. ನೀರು ಸುರಿದು ಪೂರ್ತಿ ಆರಿಸಿ. ಚಳಿಗೆ ಇನ್ನೊಂದು ರಜಾಯಿ ಕೊಳ್ಳಿರಿ. ಕೊಳ್ಳಲಾಗದಿದ್ದರೆ ಕನ್ನಡ ಬಲ್ಲ ಯಾವ ಮನೆಯನ್ನಾದರೂ ಕೇಳಿರಿ, ಸಂಕೋಚ ಬೇಡ. ಪಕ್ಕದ ಕೋಣೆಯ ಗೆಳೆಯನಿಗೂ ಈ ಮಾತನ್ನು ಹೇಳಿರಿ. ಅವನು ಬಿಹಾರದವನಾಗಿರಲಿ ಕೇರಳದವನಾಗಿರಲಿ, ಚಳಿ ಒಂದೇ.

ಉಕ್ಕಿಗೆ ಹೆಸರು ಕೊಟ್ಟ ಭಾಷೆ ನಮ್ಮದೆಂದು ನಾವು ಹೆಮ್ಮೆಪಡುತ್ತೇವೆ. ಆ ಉಕ್ಕನ್ನು ಮಾಡಿದವರ ಹೆಸರುಗಳು ಬಹುಮಟ್ಟಿಗೆ ಉಳಿದಿಲ್ಲ; ಗೂಡು ಕಾದು ಕುಳಿತು ಹೊಗೆಯ ಬಣ್ಣ ಓದಿದವರ ಹೆಸರುಗಳು ಇನ್ನೂ ಕಡಿಮೆ. ಉಳಿದಿರುವುದು ಅವರ ತಿಳಿವಳಿಕೆ: ತುಂಡನ್ನು ತಟ್ಟಿ ಕೇಳುವುದು, ಮುರಿದು ನೋಡುವುದು, ಗಾಳಿಗೆ ದಾರಿ ಬಿಡುವುದು. ಬೆಂಕಿಗೆ ಎಷ್ಟು ಗಾಳಿ ಕೊಡಬೇಕು, ಎಲ್ಲಿ ತಡೆಯಬೇಕು ಎಂಬ ಲೆಕ್ಕದ ಮೇಲೆ ಅವರ ಕಬ್ಬಿಣ ನಿಂತಿತ್ತು. ನಮ್ಮ ಮಕ್ಕಳ ಉಸಿರೂ ಅದೇ ಲೆಕ್ಕದ ಮೇಲೆ ನಿಂತಿದೆ.